ಕಲಬುರಗಿಯ ರಸ್ತೆಗೆ ಹೈಬ್ರಿಡ್ ಸೆಡಾನ್: ಪೆಟ್ರೋಲ್ ಎಲ್ಲಿ ಉಳಿಯುತ್ತದೆ, ಎಲ್ಲಿ ಉಳಿಯುವುದಿಲ್ಲ

ಕಲಬುರಗಿಯಲ್ಲಿ ಯಾರಾದರೂ ಹೊಸ ಕಾರು ತಂದರೆ ಬಣ್ಣ, ಬೆಲೆಯ ಮಾತು ಆಮೇಲೆ. ಮೊದಲ ಪ್ರಶ್ನೆ ಒಂದೇ: ‘ಎವರೇಜ್ ಎಷ್ಟು ಕೊಡ್ತದ್ರಿ?’ ಪೆಟ್ರೋಲ್ ಲೀಟರ್‌ಗೆ ನೂರು ರೂಪಾಯಿ ದಾಟಿದ ಮೇಲಂತೂ ಈ ಪ್ರಶ್ನೆಗೆ ತೂಕ ಹೆಚ್ಚಾಗಿದೆ. ಹಾಗಾಗಿ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರ್, ಬ್ಯಾಟರಿ ಕೂಡ ಇರುವ ಹೈಬ್ರಿಡ್ ಕಾರಿನ ಅಂಕಿ ಕೇಳಿದ ತಕ್ಷಣ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಹೋಂಡಾ ಸಿಟಿಯ ಹೈಬ್ರಿಡ್ 2022ರಲ್ಲಿ ಬಂದಾಗ ಕಂಪನಿ ಹೇಳಿದ ಮೈಲೇಜ್ ಲೀಟರ್‌ಗೆ 26.5 ಕಿಲೋಮೀಟರ್. ಅದಕ್ಕಿಂತ ಎಷ್ಟೋ ದೊಡ್ಡದಾದ, 2.5 ಲೀಟರ್ ಎಂಜಿನ್‌ನ ಟೊಯೋಟಾ ಕ್ಯಾಮ್ರಿ ಕೂಡ ಕಾಗದದ ಮೇಲೆ 25.49 ಕೊಡುತ್ತದೆ. ಇದೇ ಗಾತ್ರದ ಸಾದಾ ಪೆಟ್ರೋಲ್ ಸೆಡಾನ್ ಊರೊಳಗೆ 12 ಕೊಟ್ಟರೆ ಸಾಕು ಎನ್ನುವವರಿಗೆ ಇದು ಪವಾಡದಂತೆ ಕೇಳಿಸುತ್ತದೆ.

ಇದರಲ್ಲಿ ಪವಾಡ ಏನೂ ಇಲ್ಲ. ಈ ಕಾರುಗಳಿಗೆ ಹೊರಗಿನಿಂದ ಚಾರ್ಜ್ ಮಾಡಲು ಪ್ಲಗ್ ಇರುವುದಿಲ್ಲ. ಒಳಗೆ ಓಡುವ ಪ್ರತಿ ಯೂನಿಟ್ ವಿದ್ಯುತ್ತೂ ಟ್ಯಾಂಕಿಗೆ ಹಾಕಿದ ಪೆಟ್ರೋಲ್‌ನಿಂದಲೇ ಬಂದಿರಬೇಕು. ಅಂದರೆ ಹೈಬ್ರಿಡ್ ಹೊಸದಾಗಿ ಶಕ್ತಿ ತರುವುದಿಲ್ಲ, ಪೋಲಾಗುವುದನ್ನು ತಡೆಯುತ್ತದೆ, ಅಷ್ಟೇ. ಎಲ್ಲಿ ಜಾಸ್ತಿ ಪೋಲಾಗುತ್ತಿತ್ತೋ ಅಲ್ಲಿ ಜಾಸ್ತಿ ಉಳಿಯುತ್ತದೆ. ಎಲ್ಲಿ ಪೋಲೇ ಕಡಿಮೆಯೋ ಅಲ್ಲಿ ಉಳಿಯಲು ಏನೂ ಇರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕುಟುಂಬವೊಂದು ಇಂಥ ಕಾರಿಗೆ ಮೂರು ಲಕ್ಷ ಜಾಸ್ತಿ ಕೊಡಬೇಕಾ ಬೇಡವಾ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ಮೊದಲು ಪೆಟ್ರೋಲ್ ಎಲ್ಲಿ ಹೋಗುತ್ತದೆ ಅಂತ ನೋಡೋಣ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಇದೆ. ಸಣ್ಣ ಮನೆಯೊಂದನ್ನು ಎರಡು ಮೂರು ದಿನ ನಡೆಸುವಷ್ಟು. ಆದರೆ ಎಂಜಿನ್ ಅದನ್ನೆಲ್ಲ ಚಕ್ರಕ್ಕೆ ಮುಟ್ಟಿಸುವುದಿಲ್ಲ. ಒಳ್ಳೆಯ ಎಂಜಿನ್ ಕೂಡ ಹೆಚ್ಚಿನ ಪಾಲನ್ನು ಬಿಸಿಯಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹಾಕುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಕಡಿಮೆ ಜನರಿಗೆ ಗೊತ್ತಿರುವುದು ಇನ್ನೊಂದು. ಪೆಟ್ರೋಲ್ ಎಂಜಿನ್‌ಗೆ ಕೆಲಸ ಕಡಿಮೆ ಕೊಟ್ಟಷ್ಟೂ ಅದು ಜಾಸ್ತಿ ದಂಡ ಮಾಡುತ್ತದೆ.

ಒಂದು ಸೆಡಾನ್ ಸಪಾಟಾದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಹೋಗಲು ಬೇಕಾಗುವುದು ಸುಮಾರು 10 ಹೆಚ್‌ಪಿ. 100ರಲ್ಲಿ ಸುಮಾರು 16. ಊರೊಳಗೆ 25-30ರ ವೇಗದಲ್ಲಿ ಎರಡು ಹೆಚ್‌ಪಿಯೂ ಬೇಡ. ಆದರೆ ಬಾನೆಟ್ ಕೆಳಗೆ ಇರುವುದು 120 ಹೆಚ್‌ಪಿಯ ಎಂಜಿನ್. ಓವರ್‌ಟೇಕ್ ಮಾಡುವಾಗ, ಐದು ಜನ ಕೂತು ಏರು ಹತ್ತುವಾಗ ಮಾತ್ರ ಅಷ್ಟೊಂದು ಬೇಕು. ಉಳಿದ ಹೊತ್ತೆಲ್ಲ ಅದು ಅರೆಮನಸ್ಸಿನಿಂದ ದುಡಿಯುತ್ತದೆ. ಗಾಳಿ ಒಳಗೆ ಬರುವ ದಾರಿಯನ್ನು ಮುಕ್ಕಾಲು ಮುಚ್ಚಿಕೊಂಡು, ಆ ಇಕ್ಕಟ್ಟಿನಲ್ಲೇ ಗಾಳಿ ಎಳೆದುಕೊಳ್ಳಲು ತನ್ನ ಶಕ್ತಿಯನ್ನು ತಾನೇ ತಿನ್ನುತ್ತದೆ. ಪಿಸ್ಟನ್‌ಗಳ ಉಜ್ಜಾಟಕ್ಕೆ ಹೋಗುವ ಪೆಟ್ರೋಲ್ ಅಂತೂ ಕೆಲಸ ಇರಲಿ ಬಿಡಲಿ ಹೋಗಿಯೇ ಹೋಗುತ್ತದೆ. ಸೂಪರ್ ಮಾರ್ಕೆಟ್ ಹತ್ತಿರ ಆಟೋಗಳ ಹಿಂದೆ ತೆವಳುವಾಗ ಸಾದಾ ಕಾರಿನ ಎಂಜಿನ್ ಪೆಟ್ರೋಲ್‌ನ ಶಕ್ತಿಯಲ್ಲಿ ಹತ್ತು ಹದಿನೈದು ಪರ್ಸೆಂಟ್ ಅಷ್ಟೇ ಕೆಲಸಕ್ಕೆ ತಿರುಗಿಸುತ್ತದೆ. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗ ಅದೂ ಸೊನ್ನೆ.

ಹೈಬ್ರಿಡ್ ಮಾಡುವ ಮೊದಲ ಕೆಲಸ ಎಂದರೆ ಈ ಸಣ್ಣ ಕೆಲಸಗಳನ್ನು ಎಂಜಿನ್‌ನಿಂದ ಕಿತ್ತುಕೊಳ್ಳುವುದು. ನಿಂತಾಗ ಎಂಜಿನ್ ಬಂದ್. ತೆವಳುವಾಗಲೂ ಬಂದ್, ಕಾರನ್ನು ಮೋಟಾರ್ ಎಳೆಯುತ್ತದೆ. ಬ್ಯಾಟರಿ ಇಳಿಯುತ್ತಾ ಬಂತು ಅಂದಾಗ ಎಂಜಿನ್ ಶುರುವಾಗುತ್ತದೆ. ಆದರೆ ಈಗ ಅದಕ್ಕೆ ಪೂರಾ ಕೆಲಸ ಇರುತ್ತದೆ. ಕಾರನ್ನು ಎಳೆಯುವುದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಹುಟ್ಟಿಸಿ, ಮಿಕ್ಕಿದ್ದನ್ನು ಜನರೇಟರ್ ಮೂಲಕ ಬ್ಯಾಟರಿಗೆ ತುಂಬುತ್ತದೆ. ತನಗೆ ಒಗ್ಗುವ ವೇಗ, ಒಗ್ಗುವ ಹೊರೆಯಲ್ಲಿ ಸ್ವಲ್ಪ ಹೊತ್ತು ದುಡಿದು ಮತ್ತೆ ಬಂದ್ ಆಗುತ್ತದೆ. ಜನರೇಟರ್, ಬ್ಯಾಟರಿ, ಮೋಟಾರ್ ದಾಟಿ ಬರುವಷ್ಟರಲ್ಲಿ ಆ ವಿದ್ಯುತ್ತಿನಲ್ಲಿ ಒಂದಿಷ್ಟು ಪಾಲು ಹೋಗುತ್ತದೆ, ನಿಜ. ಆದರೂ ಎಂಜಿನ್ ಹದಿನೈದು ಪರ್ಸೆಂಟ್ ಬದಲು ಮೂವತ್ತೈದು ಪರ್ಸೆಂಟ್ ಕೆಲಸ ಕೊಟ್ಟಾಗ ಆ ನಷ್ಟ ಕಳೆದರೂ ಲಾಭವೇ.

ಎರಡನೆಯ ಕೆಲಸ ಬ್ರೇಕಿನದು. ನಾಲ್ಕು ಜನ, ಒಂದಿಷ್ಟು ಸಾಮಾನು ಸೇರಿ ಕಾರಿನ ತೂಕ 1600 ಕೆ.ಜಿ. ಅಂತ ಇಟ್ಟುಕೊಳ್ಳಿ. 40ರ ವೇಗದಿಂದ ಪೂರ್ತಿ ಬ್ರೇಕ್ ಹಾಕಿ ನಿಂತರೆ, ಮತ್ತೆ ಅದೇ ವೇಗಕ್ಕೆ ಬರಲು ಸಾದಾ ಕಾರಿಗೆ ಸುಮಾರು 14 ಮಿಲಿಲೀಟರ್ ಪೆಟ್ರೋಲ್ ಬೇಕು. ಮೊದಲು ಗಳಿಸಿದ್ದ ವೇಗವೆಲ್ಲ ಬ್ರೇಕ್ ಪ್ಯಾಡ್‌ನಲ್ಲಿ ಬಿಸಿಯಾಗಿ ಹೋಗಿರುತ್ತದೆ. ಹೈಬ್ರಿಡ್‌ನಲ್ಲಿ ಬ್ರೇಕ್ ಒತ್ತಿದಾಗ ಮೊದಲು ಹಿಡಿಯುವುದು ಮೋಟಾರ್. ಅದು ಜನರೇಟರ್ ಆಗಿ ತಿರುಗಿ ಚಕ್ರದ ಓಟವನ್ನು ತಡೆಯುತ್ತದೆ, ಹುಟ್ಟಿದ ವಿದ್ಯುತ್ತನ್ನು ಬ್ಯಾಟರಿಗೆ ಕಳಿಸುತ್ತದೆ. ಎಲ್ಲವೂ ವಾಪಸ್ ಬರುವುದಿಲ್ಲ. ಅರ್ಧದಷ್ಟು ಬಂದರೂ ದೊಡ್ಡದು. ಡಿಸ್ಕ್ ಬ್ರೇಕ್ ಹಿಡಿಯುವುದು ಜೋರಾಗಿ ಒತ್ತಿದಾಗ ಮತ್ತು ಕಡೆಯ ಕೆಲವು ಅಡಿಗಳಲ್ಲಿ. ಈ ಕಾರುಗಳ ಬ್ರೇಕ್ ಪ್ಯಾಡ್ ಬಹಳ ದಿನ ಬಾಳುವುದು ಇದೇ ಕಾರಣಕ್ಕೆ.

ಇಲ್ಲಿ ಓಡಿಸುವವರ ಕಾಲಿಗೂ ಪಾತ್ರ ಇದೆ. ಮುಂದಿನ ಗಾಡಿಯ ಬೆನ್ನಿಗೆ ಬಂದು ಗಕ್ಕನೆ ಬ್ರೇಕ್ ಹೊಡೆಯುವವರಿಗೆ ಹೈಬ್ರಿಡ್‌ನಿಂದ ಅರ್ಧ ಲಾಭ ಮಾತ್ರ. ಮೋಟಾರ್ ಮತ್ತು ಬ್ಯಾಟರಿ ಒಂದು ಕ್ಷಣದಲ್ಲಿ ನುಂಗಬಲ್ಲ ವಿದ್ಯುತ್ತಿಗೆ ಮಿತಿ ಇದೆ. ಅದನ್ನು ಮೀರಿದ್ದು ಮತ್ತೆ ಬ್ರೇಕ್ ಪ್ಯಾಡ್‌ನ ಪಾಲೇ. ಸಿಗ್ನಲ್ ಕಂಡ ಕೂಡಲೇ ಕಾಲು ತೆಗೆದು ನಿಧಾನಕ್ಕೆ ಒತ್ತುತ್ತಾ ಬಂದರೆ ಹೆಚ್ಚು ಪಾಲು ಬ್ಯಾಟರಿಗೆ ಸೇರುತ್ತದೆ.

ಮೂರನೆಯದು ಎಂಜಿನ್‌ನ ಒಳಗಿನ ಬದಲಾವಣೆ. 1880ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್ ಒಂದು ಬೇರೆ ಬಗೆಯ ಎಂಜಿನ್ ಯೋಚಿಸಿದ್ದ. ಗಾಳಿ ಮತ್ತು ಇಂಧನವನ್ನು ಒತ್ತುವ ಹಾದಿ ಗಿಡ್ಡ, ಉರಿದ ಮೇಲೆ ಹಿಗ್ಗುವ ಹಾದಿ ಉದ್ದ. ಉರಿದ ಅನಿಲದಿಂದ ಕೊನೆಯ ತನಕ ಕೆಲಸ ತೆಗೆಯುವುದು ಅದರ ಉಪಾಯ. ಇವತ್ತಿನ ಹೈಬ್ರಿಡ್ ಎಂಜಿನ್‌ಗಳು ಅದನ್ನೇ ವಾಲ್ವ್‌ನಿಂದ ಸಾಧಿಸುತ್ತವೆ. ಗಾಳಿ ಒಳಗೆ ಬರುವ ವಾಲ್ವನ್ನು ತಡವಾಗಿ ಮುಚ್ಚುತ್ತವೆ. ಬಂದ ಗಾಳಿಯಲ್ಲಿ ಸ್ವಲ್ಪ ಹಿಂದಕ್ಕೇ ಹೋಗುತ್ತದೆ. ಹೀಗೆ ಮಾಡಿದರೆ ಎಂಜಿನ್‌ನ ಜೋರು ಕಡಿಮೆಯಾಗುತ್ತದೆ, ಪಿಕಪ್ ಕುಂಟುತ್ತದೆ. ಸಾದಾ ಕಾರಿನಲ್ಲಿ ಗಿರಾಕಿ ಇದನ್ನು ಒಪ್ಪುವುದಿಲ್ಲ. ಹೈಬ್ರಿಡ್‌ನಲ್ಲಿ ಆ ಕೊರತೆಯನ್ನು ಮೋಟಾರ್ ತುಂಬುತ್ತದೆ. ನಿಂತ ಜಾಗದಿಂದಲೇ ಪೂರ್ತಿ ಎಳೆತ ಕೊಡುವುದು ಮೋಟಾರ್‌ನ ಗುಣ. ಸಿಟಿ ಹೈಬ್ರಿಡ್‌ನ ಮೋಟಾರ್ ಕೊಡುವ 253 ನ್ಯೂಟನ್ ಮೀಟರ್ ಎಳೆತ ಒಂದೂವರೆ ಲೀಟರ್‌ನ ಡೀಸೆಲ್ ಕಾರಿಗೆ ಸರಿಸಾಟಿ. ಟೊಯೋಟಾ ತನ್ನ 2.5 ಲೀಟರ್ ಹೈಬ್ರಿಡ್ ಎಂಜಿನ್ ಪೆಟ್ರೋಲ್‌ನ ಶಕ್ತಿಯಲ್ಲಿ ಗರಿಷ್ಠ 41 ಪರ್ಸೆಂಟ್ ಕೆಲಸಕ್ಕೆ ತಿರುಗಿಸುತ್ತದೆ ಎನ್ನುತ್ತದೆ. ಪೆಟ್ರೋಲ್ ಎಂಜಿನ್‌ಗಳಲ್ಲಿ ಇದು ಸಣ್ಣ ಸಾಧನೆಯಲ್ಲ.

ಎಂಜಿನ್, ಮೋಟಾರ್ ಎರಡನ್ನೂ ಚಕ್ರಕ್ಕೆ ಜೋಡಿಸುವ ದಾರಿ ಎಲ್ಲ ಕಂಪನಿಗಳದೂ ಒಂದೇ ಅಲ್ಲ. ಟೊಯೋಟಾ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪ್ರಿಯಸ್ ಬಿಟ್ಟಾಗಿನಿಂದ ಪ್ಲಾನೆಟರಿ ಗೇರ್ ಹಿಡಿದುಕೊಂಡಿದೆ. ನಡುವೆ ಒಂದು ಗೇರ್, ಸುತ್ತ ಸಣ್ಣ ಗೇರ್‌ಗಳ ಗುಂಪು, ಅವುಗಳ ಹೊರಗೆ ಹಲ್ಲಿರುವ ದೊಡ್ಡ ಉಂಗುರ. ನಡುವಿನದಕ್ಕೆ ಜನರೇಟರ್, ಸಣ್ಣ ಗೇರ್‌ಗಳ ಚೌಕಟ್ಟಿಗೆ ಎಂಜಿನ್, ಉಂಗುರಕ್ಕೆ ಚಕ್ರ ಮತ್ತು ದೊಡ್ಡ ಮೋಟಾರ್. ಎಂಜಿನ್‌ನ ಬಲ ತಾನಾಗಿಯೇ ಎರಡು ಪಾಲಾಗುತ್ತದೆ. ಒಂದು ಪಾಲು ನೇರ ಚಕ್ರಕ್ಕೆ, ಇನ್ನೊಂದು ಜನರೇಟರ್‌ಗೆ. ಜನರೇಟರ್‌ನ ವೇಗ ಹೆಚ್ಚು ಕಡಿಮೆ ಮಾಡಿದರೆ ಸಾಕು, ಗೇರ್ ಬದಲಿಸಿದ ಪರಿಣಾಮ ಸಿಗುತ್ತದೆ. ಕ್ಲಚ್ ಇಲ್ಲ, ಬೆಲ್ಟ್ ಇಲ್ಲ, ಬೇರೆ ಸ್ಟಾರ್ಟರ್ ಮೋಟಾರ್ ಕೂಡ ಇಲ್ಲ. ಇಷ್ಟು ಸರಳವಾದ ಲೋಹದ ಜೋಡಣೆ ಇಷ್ಟು ಕೆಲಸ ಮಾಡುವುದನ್ನು ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಹಾಳಾಗುವ ಭಾಗಗಳೇ ಕಡಿಮೆ.

ಹೋಂಡಾ ಸಿಟಿಯದು ಬೇರೆ ದಾರಿ. ಅಲ್ಲಿ ಹೆಚ್ಚಿನ ಹೊತ್ತು ಎಂಜಿನ್ ಚಕ್ರವನ್ನು ಮುಟ್ಟುವುದೇ ಇಲ್ಲ. ಎಂಜಿನ್ ಜನರೇಟರ್ ತಿರುಗಿಸುತ್ತದೆ, ಆ ವಿದ್ಯುತ್ತಿನಿಂದ ಮೋಟಾರ್ ಕಾರು ಓಡಿಸುತ್ತದೆ. ಹೈವೇಯಲ್ಲಿ ಒಂದೇ ವೇಗಕ್ಕೆ ಬಂದಾಗ ಮಾತ್ರ ಒಂದು ಕ್ಲಚ್ ಕಚ್ಚಿಕೊಂಡು ಎಂಜಿನ್ ನೇರ ಚಕ್ರಕ್ಕೆ ಜೋಡಣೆಯಾಗುತ್ತದೆ. ಆ ವೇಗದಲ್ಲಿ ಎಂಜಿನ್‌ಗೆ ಹೇಗೂ ಕೆಲಸ ಇರುತ್ತದೆ, ಸುಮ್ನೆ ವಿದ್ಯುತ್ತಾಗಿ ತಿರುಗಿಸಿ ಯಾಕೆ ಕಳೆದುಕೊಳ್ಳಬೇಕು? ಈ ಕ್ಲಚ್ ಇರುವುದೇ ಒಂದು ವಿಷಯ ಒಪ್ಪಿಕೊಂಡ ಹಾಗೆ: ಹೈವೇಯಲ್ಲಿ ವಿದ್ಯುತ್ತಿನ ದಾರಿಗಿಂತ ಎಂಜಿನ್‌ನ ನೇರ ದಾರಿಯೇ ಮೇಲು.

ಬ್ಯಾಟರಿ ಎಷ್ಟು ದೊಡ್ಡದು ಅಂತ ಬಹಳ ಜನ ಕೇಳುತ್ತಾರೆ. ಹೋಂಡಾ ಸಿಟಿಯಲ್ಲಿ ಇರುವುದು ಒಂದು ಯೂನಿಟ್‌ಗೂ ಕಡಿಮೆ ಹಿಡಿಯುವ ಲಿಥಿಯಂ ಬ್ಯಾಟರಿ. ಸಾಮಾನ್ಯ ವಿದ್ಯುತ್ ಕಾರಿನಲ್ಲಿ 30-40 ಯೂನಿಟ್ ಹಿಡಿಯುವ ಬ್ಯಾಟರಿ ಇರುತ್ತದೆ. ಹೈಬ್ರಿಡ್‌ನ ಬ್ಯಾಟರಿ ಗಂಜ್‌ನ ಅಂಗಡಿಯ ಗಲ್ಲಾ ಇದ್ದ ಹಾಗೆ. ದಿನವಿಡೀ ದುಡ್ಡು ಬರುತ್ತದೆ ಹೋಗುತ್ತದೆ, ಕೂಡಿಡುವ ತಿಜೋರಿ ಅಲ್ಲ. ಹಾಗಾಗಿಯೇ ಬರೀ ಬ್ಯಾಟರಿಯಲ್ಲಿ ಎಷ್ಟು ಕಿಲೋಮೀಟರ್ ಹೋಗುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚು ಅರ್ಥ ಇಲ್ಲ. ಒಂದೆರಡು ಕಿಲೋಮೀಟರ್ ಹೋದರೆ ಅದೇ ದೊಡ್ಡದು.

ಇನ್ನು ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆಗೆ ಬದಲಿಸುವಷ್ಟು ಬಿಸಿಲು. 42-43 ಡಿಗ್ರಿ ನಮಗೆ ಹೊಸದಲ್ಲ. ಎ.ಸಿ. ಇಲ್ಲದೆ ಯಾರೂ ಕಾರು ಓಡಿಸುವುದಿಲ್ಲ. ಹೈಬ್ರಿಡ್‌ನಲ್ಲಿ ಎ.ಸಿ. ಕಂಪ್ರೆಸರ್ ಬೆಲ್ಟ್‌ನಿಂದ ಓಡುವುದಿಲ್ಲ, ವಿದ್ಯುತ್ತಿನಿಂದ ಓಡುತ್ತದೆ. ಎಂಜಿನ್ ಬಂದ್ ಆದರೂ ತಂಪು ನಿಲ್ಲುವುದಿಲ್ಲ. ಸಾದಾ ಕಾರಿನಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಬಂದ್ ಆಗುವ ಸೌಲಭ್ಯ ಇದ್ದರೂ ಮೇ ತಿಂಗಳಲ್ಲಿ ನಾವು ಅದನ್ನು ಆಫ್ ಮಾಡಿಯೇ ಓಡಿಸುತ್ತೇವೆ, ಅಲ್ವಾ? ಆ ತಾಪತ್ರಯ ಇಲ್ಲಿಲ್ಲ. ಆದರೆ ಕಡುಬಿಸಿಲಿನಲ್ಲಿ ಎ.ಸಿ. ಒಂದರಿಂದ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಆ ಸಣ್ಣ ಬ್ಯಾಟರಿಯ ಬಳಕೆಗೆ ಸಿಗುವ ಭಾಗ ಹತ್ತು ಇಪ್ಪತ್ತು ನಿಮಿಷದಲ್ಲಿ ಖಾಲಿ. ನಿಂತ ಕಾರಿನಲ್ಲಿ ಎಂಜಿನ್ ತಾನಾಗಿ ಗುರ್ ಎಂದರೆ ಏನೋ ಕೆಟ್ಟಿತು ಅಂತ ಗಾಬರಿ ಬೇಡ, ಅದು ಬ್ಯಾಟರಿ ತುಂಬಿಕೊಳ್ಳುತ್ತಿದೆ.

ಬಿಸಿಲು ಎ.ಸಿ.ಗಷ್ಟೇ ಅಲ್ಲ, ಬ್ಯಾಟರಿಗೂ ಕಷ್ಟ. ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ. ಮನುಷ್ಯರಿಗೆ ಹಿತವಾದ ಹವೆಯೇ ಅದಕ್ಕೂ ಹಿತ. ಹಲವು ಹೈಬ್ರಿಡ್ ಕಾರುಗಳು ಅದನ್ನು ತಂಪಾಗಿಡಲು ಕಾರಿನ ಒಳಗಿನ ಗಾಳಿಯನ್ನೇ ಸಣ್ಣ ಫ್ಯಾನ್‌ನಿಂದ ಎಳೆದುಕೊಳ್ಳುತ್ತವೆ. ಆ ಗಾಳಿ ಹೋಗುವ ಜಾಲರಿ ಸಾಮಾನ್ಯವಾಗಿ ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಇರುತ್ತದೆ. ಗಾಣಗಾಪುರಕ್ಕೆ ಹೊರಟ ಕುಟುಂಬ ಹಿಂದಿನ ಸೀಟಿನಲ್ಲಿ ಬ್ಯಾಗು, ಚಾದರ, ತಿಂಡಿ ಡಬ್ಬಿ ತುಂಬಿದಾಗ ಮುಚ್ಚಿಹೋಗುವುದು ಇದೇ ಜಾಲರಿ. ಜೊತೆಗೆ ನಮ್ಮ ಕಡೆಯ ಧೂಳು. ಎರೆಮಣ್ಣಿನ ಧೂಳು, ಸೇಡಂ ಕಡೆ ಸಿಮೆಂಟ್ ಲಾರಿಗಳ ಧೂಳು ಬಾಗಿಲು ತೆರೆದಾಗಲೆಲ್ಲ ಒಳಗೆ ಬರುತ್ತದೆ. ಜಾಲರಿಯ ಫಿಲ್ಟರ್ ಕಟ್ಟಿಕೊಂಡರೆ ಬ್ಯಾಟರಿ ಬೇಯುತ್ತದೆ, ಕಾರು ತಾನಾಗಿ ಅದರ ಬಳಕೆ ಕಡಿಮೆ ಮಾಡುತ್ತದೆ, ಮೈಲೇಜ್ ಇಳಿಯುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಇದನ್ನು ಬಾಯಿಬಿಟ್ಟು ಹೇಳಿ ಮಾಡಿಸಬೇಕು. ಬೇಸಿಗೆಯಲ್ಲಿ ನೆರಳಿನಲ್ಲಿ ನಿಲ್ಲಿಸುವುದು, ಕೂತ ಕೂಡಲೇ ಐದು ನಿಮಿಷ ಕಿಟಕಿ ಇಳಿಸಿ ಬಿಸಿಗಾಳಿ ಹೊರಹಾಕುವುದು, ಇವೆಲ್ಲ ನಮ್ಮ ಆರಾಮಕ್ಕೆ ಮಾತ್ರವಲ್ಲ, ಬ್ಯಾಟರಿಯ ಆಯಸ್ಸಿಗೂ ಬೇಕು.

ಶೋರೂಮಿನ 26.5ರ ಅಂಕಿಯನ್ನು ಈಗ ನೋಡೋಣ. ಅದು ಸುಳ್ಳಲ್ಲ. ಪ್ರಯೋಗಶಾಲೆಯಲ್ಲಿ, ರೋಲರ್‌ಗಳ ಮೇಲೆ, ಇಪ್ಪತ್ತು ನಿಮಿಷಕ್ಕೂ ಕಡಿಮೆ ಹೊತ್ತು ಓಡಿಸಿ ತೆಗೆದ ಅಂಕಿ. ಗರಿಷ್ಠ ವೇಗ 90. ಎ.ಸಿ. ಬಂದ್. ವೇಗ ಏರುವುದೂ ಮೆಲ್ಲಗೆ. ಹೈಬ್ರಿಡ್‌ಗೆ ಇದು ಹೇಳಿ ಮಾಡಿಸಿದ ಪರೀಕ್ಷೆ. ನಮ್ಮ ಮೇ ತಿಂಗಳು ಅದರಲ್ಲಿ ಇಲ್ಲ. ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲ್‌ನ ಲೆಕ್ಕವೂ ಇದೆ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಬೆರಕೆ ಪೆಟ್ರೋಲ್‌ನ ಪ್ರತಿ ಲೀಟರ್‌ನಲ್ಲಿ ಆರೇಳು ಪರ್ಸೆಂಟ್ ಶಕ್ತಿ ಕಡಿಮೆ ಇರುತ್ತದೆ. ಇದು ಎಲ್ಲ ಕಾರಿಗೂ ಒಂದೇ, ಹೈಬ್ರಿಡ್‌ಗೂ ರಿಯಾಯಿತಿ ಇಲ್ಲ.

ಹಾಗಾದರೆ ನಮ್ಮ ರಸ್ತೆಯಲ್ಲಿ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕಲು ನಾನು ಕೆಲವು ಅಂದಾಜು ಹಿಡಿಯುತ್ತೇನೆ. ಪೆಟ್ರೋಲ್ ಲೀಟರ್‌ಗೆ 100 ರೂಪಾಯಿ. ಸಾದಾ ಆಟೊಮ್ಯಾಟಿಕ್ ಸೆಡಾನ್‌ಗಿಂತ ಹೈಬ್ರಿಡ್‌ಗೆ 3 ಲಕ್ಷ ಜಾಸ್ತಿ. ನಿಮ್ಮ ಕಾರು, ನಿಮ್ಮ ಬೆಲೆ ಹಾಕಿಕೊಂಡು ತಿದ್ದಿಕೊಳ್ಳಿ.

ಊರೊಳಗೆ ಸಾದಾ ಕಾರು 12, ಹೈಬ್ರಿಡ್ 20 ಕೊಟ್ಟರೆ ಪ್ರತಿ 100 ಕಿಲೋಮೀಟರ್‌ಗೆ ಸುಮಾರು 330 ರೂಪಾಯಿ ಉಳಿಯುತ್ತದೆ. 3 ಲಕ್ಷ ವಾಪಸ್ ಬರಲು 90 ಸಾವಿರ ಕಿಲೋಮೀಟರ್ ಓಡಬೇಕು. ಬೆಂಗಳೂರಿನಂಥ ಊರಲ್ಲಿ ದಿನಾ 40 ಕಿಲೋಮೀಟರ್ ಟ್ರಾಫಿಕ್‌ನಲ್ಲಿ ಕೂರುವವರಿಗೆ ಇದು ಆರೇಳು ವರ್ಷದ ಮಾತು. ಕಲಬುರಗಿಯಲ್ಲಿ? ಮನೆಯಿಂದ ಆಫೀಸು, ಮಕ್ಕಳ ಶಾಲೆ, ಸಂಜೆ ಸ್ಟೇಷನ್ ರೋಡ್ ಕಡೆ ಒಂದು ಸುತ್ತು. ಎಲ್ಲ ಸೇರಿ ದಿನಕ್ಕೆ 15 ಕಿಲೋಮೀಟರ್ ಆದರೆ ಜಾಸ್ತಿ. ಆ ಲೆಕ್ಕದಲ್ಲಿ ಹದಿನಾರು ವರ್ಷ ಬೇಕು.

ಹೈದರಾಬಾದ್ ದಾರಿ ನೋಡಿ. ಆಸ್ಪತ್ರೆಗೆ, ವಿಮಾನಕ್ಕೆ, ಮದುವೆ ಬಟ್ಟೆಗೆ ನಮ್ಮ ಕಡೆಯವರು ಓಡುವುದೇ ಅಲ್ಲಿಗೆ. ಹುಮನಾಬಾದ್ ದಾಟಿ ಅಗಲವಾದ ಹೆದ್ದಾರಿಗೆ ಬಿದ್ದ ಮೇಲೆ 100ರ ವೇಗದಲ್ಲಿ ಒಂದೇ ಓಟ. ಬ್ರೇಕ್ ಕಡಿಮೆ, ನಿಲ್ಲುವುದು ಕಡಿಮೆ, ಎಂಜಿನ್‌ಗೆ ಸರಿಯಾದ ಕೆಲಸ ಇದೆ. ಪೋಲಾಗುವುದೇ ಕಡಿಮೆ. ಗಾಳಿಯನ್ನು ಸೀಳಲು ಹೋಗುವ ಶಕ್ತಿಯನ್ನು ಯಾವ ಬ್ಯಾಟರಿಯೂ ವಾಪಸ್ ತರುವುದಿಲ್ಲ. ಸಾದಾ ಕಾರು 17, ಹೈಬ್ರಿಡ್ 20 ಅಂತ ಹಿಡಿದರೆ 100 ಕಿಲೋಮೀಟರ್‌ಗೆ ಉಳಿಯುವುದು 90 ರೂಪಾಯಿಗೂ ಕಡಿಮೆ. 3 ಲಕ್ಷಕ್ಕೆ ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಬೇಕು. ಅಷ್ಟರಲ್ಲಿ ಕಾರೇ ಹಳೆಯದಾಗಿರುತ್ತದೆ.

ನಮ್ಮ ಜಿಲ್ಲೆಗಳ ಕಷ್ಟ ಇದು. ಉಳಿತಾಯ ಇರುವ ಕಡೆ ಓಡಾಟ ಕಡಿಮೆ, ಓಡಾಟ ಇರುವ ಕಡೆ ಉಳಿತಾಯ ಕಡಿಮೆ. ದೊಡ್ಡ ನಗರದವರು ಹೊಗಳಿ ಮಾಡಿದ ವಿಡಿಯೊ ನೋಡಿ ಕಲಬುರಗಿಯಲ್ಲಿ ಬುಕ್ ಮಾಡಬಾರದು ಎನ್ನುವುದು ಇದಕ್ಕೇ.

ಆದರೆ ಇವೆರಡರ ನಡುವೆ ಇನ್ನೊಂದು ರಸ್ತೆ ಇದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆಳಂದ, ಅಫಜಲಪುರ, ಚಿಂಚೋಳಿ, ಶಹಾಪುರ, ಸುರಪುರದ ಕಡೆ ಹೋಗುವ ಹಾದಿ. ಹೆಸರಿಗೆ ಹೆದ್ದಾರಿ. ಆದರೆ ಪ್ರತಿ ಊರಿಗೂ ಹಂಪ್, ಶಾಲೆಗೊಂದು, ಗುಡಿಗೊಂದು, ಕ್ರಾಸಿಗೊಂದು. 70ರಿಂದ 15ಕ್ಕೆ ಇಳಿಸಿ ಮತ್ತೆ 70ಕ್ಕೆ ಏರಿಸಬೇಕು. ಅದೇ 1600 ಕೆ.ಜಿ.ಯ ಕಾರಿಗೆ ಇಂಥ ಒಂದು ಹಂಪ್ ಅಂದರೆ ಸುಮಾರು 30 ಮಿಲಿಲೀಟರ್ ಪೆಟ್ರೋಲ್ ಬ್ರೇಕಿಗೆ ಹೋಯಿತು ಅಂತ. ಇಪ್ಪತ್ತು ಹಂಪ್‌ಗೆ ಅರ್ಧ ಲೀಟರ್‌ಗೂ ಮೇಲೆ. ಹೈಬ್ರಿಡ್ ಇದರಲ್ಲಿ ದೊಡ್ಡ ಪಾಲನ್ನು ಹಿಡಿದುಕೊಳ್ಳುತ್ತದೆ. ಎತ್ತು, ಟ್ರ್ಯಾಕ್ಟರ್, ಕಬ್ಬಿನ ಲಾರಿ ಅಂತ ಪದೇ ಪದೇ ನಿಧಾನ ಮಾಡುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಸಾದಾ ಕಾರು 15, ಹೈಬ್ರಿಡ್ 20 ಅಂದರೂ 100 ಕಿಲೋಮೀಟರ್‌ಗೆ 165 ರೂಪಾಯಿ ಉಳಿತಾಯ. ತಿಂಗಳಿಗೆ 2500 ಕಿಲೋಮೀಟರ್ ಹಳ್ಳಿ ತಾಲ್ಲೂಕು ತಿರುಗುವ ಡಾಕ್ಟರು, ಗುತ್ತಿಗೆದಾರರು, ಔಷಧ ಕಂಪನಿಯ ಪ್ರತಿನಿಧಿಗಳಿಗೆ ಆರು ವರ್ಷದಲ್ಲಿ ಹಣ ಬರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಹೈಬ್ರಿಡ್ ಸೆಡಾನ್‌ನ ನಿಜವಾದ ಗಿರಾಕಿ ಇವರು.

ಬೀದರ್‌ನವರು ಇನ್ನೊಂದು ಕೇಳುತ್ತಾರೆ, ಏರು ಇಳಿತದಲ್ಲಿ ಲಾಭ ಇಲ್ಲವಾ ಅಂತ. ಬೀದರ್ ಕಲಬುರಗಿಗಿಂತ ಸುಮಾರು 250 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಕಾರನ್ನು ಏರಿಸಲು ಅರ್ಧ ಲೀಟರ್‌ಗಿಂತ ಸ್ವಲ್ಪ ಕಡಿಮೆ ಪೆಟ್ರೋಲ್ ಜಾಸ್ತಿ ಬೇಕು. ಇಳಿಯುವಾಗ ಅದು ಸಿಗುತ್ತದೆ, ಆದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೂ ಹರಡಿ ಸಿಗುತ್ತದೆ. ಬ್ರೇಕ್ ಹಾಕುವಷ್ಟು ಕಡಿದಾದ ಇಳಿಜಾರು ಕಡಿಮೆ. ಹಾಗಾಗಿ ಸಾದಾ ಕಾರಿಗೂ ಹೈಬ್ರಿಡ್‌ಗೂ ಅದರ ಲಾಭ ಹೆಚ್ಚುಕಡಿಮೆ ಒಂದೇ. ಘಟ್ಟದ ಕಡೆಯ ಕಥೆ ಬೇರೆ.

ಎಲ್ಲಿ ಹೈಬ್ರಿಡ್ ಅಂತ ಬರೆದಿದ್ದರೂ ಅದೇ ಕಾರು ಅಂತ ತಿಳಿಯಬಾರದು. ಮಾರುತಿ 2015ರಲ್ಲಿ ಸಿಯಾಜ್ ಸೆಡಾನ್‌ಗೆ ತಂದದ್ದು ಸಣ್ಣ ಬಗೆಯ ಹೈಬ್ರಿಡ್. ಅಲ್ಲಿ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಸೇರಿಸಿದ ಒಂದು ಚಿಕ್ಕ ಮೋಟಾರ್ ಎಂಜಿನ್‌ಗೆ ಸ್ವಲ್ಪ ನೆರವಾಗುತ್ತದೆ, ತಾನೊಂದೇ ಕಾರು ಎಳೆಯಲಾರದು. ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಅಂಥವು ಬೇಕಾದಷ್ಟಿವೆ. ಒಳ್ಳೆಯ ಕಾರೇ, ಆದರೆ ಈ ಲೇಖನದಲ್ಲಿ ಹೇಳಿದ ಉಳಿತಾಯ ಅದರಿಂದ ಬಯಸಬೇಡಿ.

ಈಗ ತೆರಿಗೆಗೆ ಬರೋಣ. ನನಗೆ ನಿಜಕ್ಕೂ ಬೇಸರ ಇರುವುದು ಇಲ್ಲಿ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಇಂಥ ಹೈಬ್ರಿಡ್ ಸೆಡಾನ್ ಮೇಲೆ ಸೆಸ್ ಸೇರಿ ಶೇಕಡ 43 ಇತ್ತು. ಹೋಂಡಾ ಸಿಟಿ ಗಾತ್ರದ ಸಾದಾ ಪೆಟ್ರೋಲ್ ಸೆಡಾನ್ ಮೇಲೆ ಅದೇ ವರ್ಷದ ಸೆಪ್ಟೆಂಬರ್‌ನಿಂದ 45 ಇತ್ತು. ಎರಡೇ ಪರ್ಸೆಂಟ್ ರಿಯಾಯಿತಿ. 2025ರ ಸೆಪ್ಟೆಂಬರ್ 22ರಿಂದ ದರ ಬದಲಾಯಿತು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 18. ಅದನ್ನು ಮೀರಿದ ಪೆಟ್ರೋಲ್ ಕಾರಿಗೆಲ್ಲ 40. ಈಗ ಲೀಟರ್‌ಗೆ 12 ಕೊಡುವ ಸೆಡಾನ್‌ಗೂ 20 ಕೊಡುವ ಸೆಡಾನ್‌ಗೂ ಒಂದೇ ದರ. ಇದ್ದ ಆ ಎರಡು ಪರ್ಸೆಂಟ್ ಮರ್ಯಾದೆಯೂ ಹೋಯಿತು. ವಿದ್ಯುತ್ ಕಾರಿಗೆ ಮಾತ್ರ 5.

ಹೈಬ್ರಿಡ್‌ಗೆ ಜಾಸ್ತಿ ಕೊಡುವ ಆ 3 ಲಕ್ಷದೊಳಗೆ ಸುಮಾರು 85 ಸಾವಿರ ಜಿಎಸ್‌ಟಿಯೇ. ಅದರ ಮೇಲೆ ರಾಜ್ಯದ ರಸ್ತೆ ತೆರಿಗೆ ಶೇಕಡ 17-18ರ ಲೆಕ್ಕದಲ್ಲಿ ಇನ್ನೊಂದು 50 ಸಾವಿರ. ಅಂದರೆ ಪೆಟ್ರೋಲ್ ಉಳಿಸುವ ಯಂತ್ರಕ್ಕೆ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಜಾಸ್ತಿ ತೆರಿಗೆ. ಈ ಭಾರ ಅರ್ಧಕ್ಕೆ ಇಳಿದರೂ ತಾಲ್ಲೂಕು ತಿರುಗುವವರ ಲೆಕ್ಕದಲ್ಲಿ ಒಂದೂಕಾಲು ವರ್ಷ ಕಡಿಮೆಯಾಗುತ್ತದೆ. ಉತ್ತರ ಪ್ರದೇಶ 2024ರ ಜುಲೈನಲ್ಲಿ ಇಂಥ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಬಿಟ್ಟುಕೊಟ್ಟಿತು. ಟೊಯೋಟಾದ ಹೈಬ್ರಿಡ್‌ಗಳು ತಯಾರಾಗುವುದು ನಮ್ಮ ಬಿಡದಿಯಲ್ಲಿ. ಕಾರು ನಮ್ಮಲ್ಲಿ ಹುಟ್ಟಿ, ರಿಯಾಯಿತಿ ಮಾತ್ರ ಲಖನೌದಲ್ಲಿ ಸಿಕ್ಕಿದ್ದು ನ್ಯಾಯ ಅನಿಸುವುದಿಲ್ಲ.

ವಿದ್ಯುತ್ ಕಾರಿನ ಪರ ಇರುವವರ ಮಾತಿನಲ್ಲೂ ಸತ್ಯ ಇದೆ. ಹೈಬ್ರಿಡ್ ಎಷ್ಟೇ ಜಾಣತನ ತೋರಿಸಿದರೂ ಕೊನೆಗೆ ಪೆಟ್ರೋಲ್ ಸುಡುತ್ತದೆ. ಒಂದು ಲೀಟರ್ ಸುಟ್ಟರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಂದೇ ಬರುತ್ತದೆ. ಸ್ವಂತ ಮನೆ, ಅಂಗಳದಲ್ಲಿ ಪಾರ್ಕಿಂಗ್, ಮಾಳಿಗೆ ಮೇಲೆ ಸೋಲಾರ್ ಇದ್ದು ಊರೊಳಗೇ ಓಡಾಡುವವರಾದರೆ ನಾನೂ ವಿದ್ಯುತ್ ಕಾರೇ ತಗೊಳ್ಳಿ ಎನ್ನುತ್ತೇನೆ. ಕಲಬುರಗಿಯ ಬಿಸಿಲು ಅಲ್ಲಿ ವರವೇ. ಆದರೆ ಯಾದಗಿರಿಯ ಹಳ್ಳಿಯಿಂದ ರಾತ್ರೋರಾತ್ರಿ ಹಿರಿಯರನ್ನು ಹೈದರಾಬಾದ್ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಗೆ ಒಂದೇ ಕಾರು ಇದ್ದರೆ, ಅವರು ಚಾರ್ಜರ್ ಹುಡುಕುತ್ತಾ ಕೂರಲು ಆಗುವುದಿಲ್ಲ. ಅಂಥವರು ಪೆಟ್ರೋಲ್ ಕಾರನ್ನೇ ತಗೊಳ್ಳುತ್ತಾರೆ. ಅವರ ಪೆಟ್ರೋಲ್ ಕಾರು ಕಾಲು ಭಾಗ, ಮೂರನೇ ಒಂದು ಭಾಗ ಕಡಿಮೆ ಸುಟ್ಟರೆ ಲಾಭ ಅವರಿಗಷ್ಟೇ ಅಲ್ಲ. ಸಿಗ್ನಲ್‌ನಲ್ಲಿ ಎಂಜಿನ್ ಬಂದ್ ಮಾಡಿ ನಿಂತ ಕಾರಿನ ಹೊಗೆ ಪಕ್ಕದ ಬಂಡಿಯವನ ಮೂಗಿಗೆ ಹೋಗುವುದಿಲ್ಲ. ಶರಣಬಸವೇಶ್ವರ ಜಾತ್ರೆಯ ದಿನ ಆ ರಸ್ತೆಯಲ್ಲಿ ನಡೆದವರಿಗೆ ಇದರ ಬೆಲೆ ಗೊತ್ತು. ತೆರಿಗೆ ಹಾಕುವವರು ಕಾರಿನ ಉದ್ದ, ಸಿಸಿ ಅಳೆಯುವ ಬದಲು ಕಿಲೋಮೀಟರ್‌ಗೆ ಎಷ್ಟು ಸುಡುತ್ತದೆ ಅಂತ ಅಳೆಯಬೇಕು.

ಸೆಡಾನ್ ಕೊಳ್ಳುವವರು ಡಿಕ್ಕಿಯನ್ನೂ ತೆರೆದು ನೋಡಬೇಕು. ಸಾದಾ ಸಿಟಿಯ ಡಿಕ್ಕಿ 506 ಲೀಟರ್. ಹೈಬ್ರಿಡ್‌ನಲ್ಲಿ ಬ್ಯಾಟರಿ ಅಲ್ಲೇ ಕೂತಿರುವುದರಿಂದ 306. ಇನ್ನೂರು ಲೀಟರ್ ಅಂದರೆ ಎರಡು ದೊಡ್ಡ ಸೂಟ್‌ಕೇಸ್ ಜಾಗ. ಊರಿನಿಂದ ಬರುವಾಗ ಜೋಳದ ಚೀಲ, ತೊಗರಿಬೇಳೆ ತುಂಬಿಕೊಂಡು ಬರುವ ಕುಟುಂಬಕ್ಕೆ ಇದು ಮೈಲೇಜ್‌ನಷ್ಟೇ ದೊಡ್ಡ ವಿಷಯ.

ಹೊಸದರ ಬ್ಯಾಟರಿಗೆ ಹೋಂಡಾ, ಟೊಯೋಟಾ ಎರಡೂ ಇಲ್ಲಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾ ಬಂದಿವೆ. ಹಾಗಾಗಿ ಹೊಸದು ಕೊಳ್ಳುವವರಿಗೆ ಭಯ ಬೇಡ. ಹಳೆಯದು ಕೊಳ್ಳುವವರು ಜಾಗ್ರತೆ. ಮೊದಲು ನೋಂದಣಿ ದಿನಾಂಕ, ಮೀಟರ್ ನೋಡಿ ವಾರಂಟಿ ಎಷ್ಟು ಉಳಿದಿದೆ ಲೆಕ್ಕ ಹಾಕಿ. ಹಿಂದಿನ ಸೀಟಿನ ಜಾಲರಿ ಬಿಚ್ಚಿಸಿ ಧೂಳು ನೋಡಿ. ಬಾನೆಟ್ ಕೆಳಗಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ತರಬೇತಿ ಇಲ್ಲದ ಮಿಸ್ತ್ರಿಯ ಕೈಗೆ ಕೊಡಬೇಡಿ. ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಬಹಳ ಸಲ ಕೆಟ್ಟಿರುವುದು ದೊಡ್ಡ ಬ್ಯಾಟರಿಯಲ್ಲ, ಮಾಮೂಲಿ 12 ವೋಲ್ಟಿನದು, ಅದಕ್ಕೆ ಹೆದರಿ ಬೆಲೆ ಇಳಿಸಬೇಕಿಲ್ಲ. ಬ್ಯಾಟರಿ ಪರೀಕ್ಷೆಯನ್ನು ಕಂಪನಿಯ ವರ್ಕ್‌ಶಾಪ್‌ನಲ್ಲಿ ನೀವೇ ಮುಂದೆ ನಿಂತು ಮಾಡಿಸಿ, ವರದಿ ಕೈಗೆ ಬಂದ ಮೇಲೆ ಅಡ್ವಾನ್ಸ್ ಕೊಡಿ.